ಚೆಂಡಿಗೊಬ್ಬ, ಆಳಿಗೊಬ್ಬ

ಅಮೆರಿಕದ ವಿಶ್ವವಿದ್ಯಾನಿಲಯಗಳಿರುವ ಊರುಗಳಲ್ಲಿ ನವೆಂಬರಿನಿಂದ ಏಪ್ರಿಲಿನ ಮೊದಲ ವಾರದವರೆಗೆ ನಡೆಯುವ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಗಳು ಗಡಿಯಾರದ ಲೆಕ್ಕಕ್ಕೆ 40 ನಿಮಿಷಗಳವು, ವಿರಾಮಗಳನ್ನೆಲ್ಲ ಸೇರಿಸಿಕೊಂಡರೆ ಸುಮಾರು ಎರಡು ಗಂಟೆಗಳವು. ಆದರೆ ಆ ಪಂದ್ಯಗಳನ್ನು ಕುರಿತು ಅಭಿಮಾನಿಗಳು ತಮ್ಮತಮ್ಮಲ್ಲಿ ಹೂಡುವ ವಾದಕ್ಕೆ ಮಾತ್ರ ಕಾಲದ ಕಟ್ಟಳೆಯೇ ಇಲ್ಲ. ತಾಳಮದ್ದಳೆಯ ದೀಪ ಆರಿದ ಮೇಲೂ ಕರ್ಣನ ಪಕ್ಷ ಹಿಡಿದವನೊಬ್ಬ, ಅರ್ಜುನನ ಪಕ್ಷ ಹಿಡಿದವನೊಬ್ಬ ಮನೆಯ ಹಾದಿಯುದ್ದಕ್ಕೂ ಅರ್ಥಗಾರಿಕೆಯನ್ನು ಮುಂದುವರಿಸುವ ನಮ್ಮ ಕರಾವಳಿಯ ರಸಿಕರ ಹಾಗೆ, ಇವರೂ ಸೋಲು ಗೆಲುವುಗಳು ನಿರ್ಣಯವಾದ ಬಳಿಕವೇ ನಿಜವಾದ ಆಟಕ್ಕೆ ತೊಡಗುತ್ತಾರೆ. ವಾದದ ವಿಷಯಗಳು ಮೂರನ್ನು ಮೀರುವುದು ಅಪರೂಪ. ನಮ್ಮ ಹುಡುಗರಿಗೆ ಎದುರಾಳಿಯನ್ನು ತಡೆಯುವ ವಿದ್ಯೆಯೇ ತಿಳಿಯದು ಎಂಬುದೊಂದು. ಕೈಯಲ್ಲಿದ್ದ ಚೆಂಡನ್ನು ಜೋಪಾನ ಮಾಡಲಾರದೆ ಟರ್ನೋವರಿನ ಮೇಲೆ ಟರ್ನೋವರ್ ಮಾಡಿ ಪರರಿಗೆ ಒಪ್ಪಿಸಿಬಿಟ್ಟರು ಎಂಬುದು ಇನ್ನೊಂದು. ಇವೆರಡರಿಂದಲೂ ಸೋಲಿನ ದುಃಖ ಶಮನವಾಗದಿದ್ದಾಗ, ರೆಫರಿಗೆ ಕಣ್ಣಿರಲಿಲ್ಲ ಅಥವಾ ಕಣ್ಣಿದ್ದೂ ನ್ಯಾಯವಿರಲಿಲ್ಲ ಎಂಬುದು ಮೂರನೆಯದು. ಈ ದೂರುಗಳನ್ನು ಆಟದ ಅಂಚಿಗೆ ಅಂಟಿಕೊಂಡ ಹರಟೆಯೆಂದು ಬಗೆಯುವ ಗಂಭೀರ ಜನರುಂಟು. ಆಟದ ಚರಿತ್ರೆಯನ್ನು ನೋಡಿದವರು ಹಾಗೆನ್ನಲಾರರು. ಇಂದಿನ ನಿಯಮಪುಸ್ತಕದ ಎಷ್ಟೋ ವಿಧಿಗಳು ಹುಟ್ಟಿದ್ದು ಪಂಡಿತರ ಏಕಾಂತ ಚಿಂತನದಲ್ಲಲ್ಲ, ಈ ಬಗೆಯ ಜಗಳಗಳಲ್ಲಿ.

ಆಟವು ಒಬ್ಬನೇ ಮನುಷ್ಯನ ಕೈಯಿಂದ, ಗೊತ್ತಾದ ಊರಿನಲ್ಲಿ, ಗೊತ್ತಾದ ದಿನದಂದು ಹುಟ್ಟಿತೆಂದು ಹೇಳಲು ಬರುವ ಸಂದರ್ಭಗಳು ಕ್ರೀಡಾಚರಿತ್ರೆಯಲ್ಲಿ ವಿರಳ. ಇದು ಅಂತಹ ವಿರಳ ಸಂದರ್ಭಗಳಲ್ಲೊಂದು. ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿ ವೈ.ಎಂ.ಸಿ.ಎ. ಸಂಘದ ಅಧ್ಯಾಪಕರನ್ನು ಸಿದ್ಧಪಡಿಸುವ ಶಾಲೆಯೊಂದಿದ್ದಿತು. ಅಲ್ಲಿನ ವ್ಯಾಯಾಮ ವಿಭಾಗದ ಮುಖ್ಯಸ್ಥರಾದ ಲೂಥರ್ ಗುಲಿಕ್, ಚಳಿಗಾಲದ ಕವಾಯತಿಗೆ ಬೇಸತ್ತು ಗುರುಗಳನ್ನೇ ಕಾಡುತ್ತಿದ್ದ 18 ಮಂದಿಯ ಒಂದು ತರಗತಿಯನ್ನು ಜೇಮ್ಸ್ ನೈಸ್ಮಿತ್ ಎಂಬ 30 ವರ್ಷದ ಕೆನಡಾ ದೇಶೀಯನಿಗೆ ಒಪ್ಪಿಸಿ, ಎರಡು ವಾರಗಳೊಳಗಾಗಿ ಒಳಾಂಗಣದಲ್ಲಿ ಆಡಬಹುದಾದ ಒಂದು ಹೊಸ ಆಟವನ್ನು ಹುಡುಕಿಕೊಡಬೇಕೆಂದು ವಿಧಿಸಿದರು. 1891ರ ಡಿಸೆಂಬರ್ 21ರಂದು ನೈಸ್ಮಿತ್ತರು ವ್ಯಾಯಾಮಶಾಲೆಯ ಬಾಲ್ಕನಿಗೆ, ನೆಲದಿಂದ ಹತ್ತು ಅಡಿ ಎತ್ತರದಲ್ಲಿ, ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳನ್ನು ಮೊಳೆ ಹೊಡೆಸಿ, ಎರಡು ಹಾಳೆಗಳಲ್ಲಿ ಬೆರಳಚ್ಚು ಮಾಡಿಸಿದ 13 ನಿಯಮಗಳನ್ನು ಗೋಡೆಗೆ ಅಂಟಿಸಿ, ಪಕ್ಷಕ್ಕೆ ಒಂಬತ್ತು ಮಂದಿಯಂತೆ ಆ ಪುಂಡರನ್ನು ಆಟಕ್ಕಿಳಿಸಿದರು. ಅಂದು ಬಿದ್ದ ಗೋಲು ಒಂದೇ ಒಂದು. ಅದನ್ನು ಹಾಕಿದವನು ವಿಲಿಯಂ ಚೇಸ್. ಆ ದಿನದ ಎರಡು ಪಕ್ಷಗಳ ನಾಯಕರಲ್ಲಿ ಒಬ್ಬನಾದ ಡಂಕನ್ ಪ್ಯಾಟನ್ ಎಂಬ ಕೆನಡಾದ ತರುಣನೇ 1894ರಲ್ಲಿ ಈ ಆಟವನ್ನು ಭಾರತಕ್ಕೆ ತಂದನೆಂದು ಹೇಳುವುದುಂಟು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ಸ್ಥಾಪಿಸಿದ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣದ ಕಾಲೇಜಿನಲ್ಲಿ ತರಬೇತಾಗಿ ಬಂದ ಮೇಷ್ಟರುಗಳ ಮೂಲಕ ಅದು ದಕ್ಷಿಣದ ಶಾಲೆಗಳ ಅಂಗಳಗಳಿಗೂ ಇಳಿಯಿತು. ನಮ್ಮಲ್ಲಿ ಆಟ ನಿಂತಿತು. ಅದರ ಸುತ್ತಣ ಜಗಳ ಮಾತ್ರ ಅಲ್ಲಿಯಷ್ಟು ಬೆಳೆಯಲಿಲ್ಲ.

ಆ 13 ನಿಯಮಗಳನ್ನು ಇಂದು ಓದುವವನಿಗೆ ಮೊದಲು ಕಾಣುವುದು, ನೈಸ್ಮಿತ್ತರಿಗೆ ಗೋಲಿಗಿಂತ ಹೆಚ್ಚಾಗಿ ಹೊಡೆದಾಟದ ಚಿಂತೆಯಿದ್ದಿತೆಂಬುದು. ಚೆಂಡನ್ನು ಹಿಡಿದು ಓಡಕೂಡದು. ಭುಜದಿಂದ ನೂಕುವುದು, ಹಿಡಿಯುವುದು, ತಳ್ಳುವುದು, ಕಾಲು ಕೊಟ್ಟು ಕೆಡಹುವುದು, ಹೊಡೆಯುವುದು ಇವಾವುವೂ ಕೂಡದು. ಎರಡನೆಯ ತಪ್ಪು ಮಾಡಿದವನು ಮುಂದಿನ ಗೋಲು ಬೀಳುವವರೆಗೆ ಹೊರಗಿರತಕ್ಕದ್ದು, ಗಾಯ ಮಾಡುವ ಉದ್ದೇಶ ಕಂಡುಬಂದರೆ ಪಂದ್ಯದುದ್ದಕ್ಕೂ ಹೊರಗಿರತಕ್ಕದ್ದು, ಅವನ ಸ್ಥಾನಕ್ಕೆ ಬೇರೊಬ್ಬನಿಲ್ಲ. ಒಂದು ಪಕ್ಷ ಒಂದರ ಮೇಲೊಂದರಂತೆ ಮೂರು ತಪ್ಪು ಮಾಡಿದರೆ ಎದುರು ಪಕ್ಷಕ್ಕೆ ಒಂದು ಗೋಲು. ಇದರ ಪಾಲನೆಗೆ ಅವರು ಇಬ್ಬರು ನ್ಯಾಯಾಧಿಪತಿಗಳನ್ನು ನೇಮಿಸಿದರು. ಅಂಪೈರ್ ಎಂಬಾತನು ಆಳುಗಳನ್ನು ನೋಡಿಕೊಳ್ಳಬೇಕು, ಅವರ ತಪ್ಪುಗಳನ್ನು ಗುರುತುಮಾಡಬೇಕು. ರೆಫರಿ ಎಂಬಾತನು ಚೆಂಡನ್ನು ನೋಡಿಕೊಳ್ಳಬೇಕು, ಅದು ಯಾರದ್ದು, ಯಾವಾಗ ಅಂಗಣದಲ್ಲಿದೆ, ಗೋಲು ಬಿದ್ದಿತೇ ಎಂಬುದನ್ನು ನಿರ್ಣಯಿಸಬೇಕು. ಚೆಂಡಿಗೊಬ್ಬ, ಆಳಿಗೊಬ್ಬ. ಈ ವಿಭಾಗದಲ್ಲಿ ಅಡಗಿದ್ದ ಜ್ಞಾನವನ್ನು ಮುಂದಿನವರು ಪೂರ್ತಿಯಾಗಿ ಉಳಿಸಿಕೊಳ್ಳಲಿಲ್ಲವೆಂದು ನನ್ನ ಅಭಿಪ್ರಾಯ. ಕೈತಪ್ಪಿದ ಚೆಂಡನ್ನು ಕಾಣುವುದು ಸುಲಭ, ಅದನ್ನು ಮೇಲಿನ ಸಾಲಿನಲ್ಲಿ ಕುಳಿತ ಅಜ್ಜಿಯೂ ಕಾಣಬಲ್ಲಳು. ಕೈಗೆ ತಗುಲಿದ ಕೈಯನ್ನು ಕಾಣುವುದು ಬೇರೆಯ ಕಸುಬು. ಅಭಿಮಾನಿಯ ಕಣ್ಣು ಯಾವಾಗಲೂ ಚೆಂಡಿನ ಹಿಂದೆ ಹೋಗುತ್ತದೆ, ಆದ್ದರಿಂದ ಆಳುಗಳ ವಿಷಯದಲ್ಲಿ ಅವನ ಸಾಕ್ಷ್ಯ ದುರ್ಬಲ; ಅವನ ಕೂಗು ಜೋರಾಗಿ ಏಳುವುದಾದರೋ ಆಳುಗಳ ವಿಷಯದಲ್ಲಿಯೇ.

ಕೂಗುವ ಅವಕಾಶವು ಪ್ರೇಕ್ಷಕರಿಗೆ ಬೇಗನೆ ಬಂದಿತು. 1892ರ ಮಾರ್ಚ್ 11ರಂದು ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಡೆದ ಮೊದಲ ಬಹಿರಂಗ ಪಂದ್ಯವನ್ನು ಸುಮಾರು 200 ಮಂದಿ ನೋಡಿದರು. ವಿದ್ಯಾರ್ಥಿಗಳು 5–1ರಿಂದ ಗೆದ್ದರು. ಅಧ್ಯಾಪಕರ ಏಕಮಾತ್ರ ಗೋಲನ್ನು ಹಾಕಿದವರು ಯೇಲ್ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ವೀರರೆಂದು ಆಗಲೇ ಹೆಸರಾಂತಿದ್ದ ಅಮಾಸ್ ಅಲೊಂಜೊ ಸ್ಟ್ಯಾಗ್. ಆದರೆ ಸ್ಥಳೀಯ ಪತ್ರಿಕೆಯ ವರದಿಗಾರನು ಅವರನ್ನು ಹೊಗಳಿ ಮುಗಿಸಲಿಲ್ಲ. ಫುಟ್‌ಬಾಲಿನ ಅಭ್ಯಾಸ ಬಿಡದೆ ಎದುರಾಳಿಗಳನ್ನು ನೂಕಿ ನೂಕಿ ಅವರು ಸತತವಾಗಿ ತಪ್ಪು ಮಾಡುತ್ತಿದ್ದರೆಂದು ಬರೆದನು. ಅಂದರೆ, ಬಹಿರಂಗವಾಗಿ ಆಡಿದ ಮೊದಲ ಪಂದ್ಯದ ವಿಮರ್ಶೆಯಲ್ಲಿಯೇ ಫೌಲಿನ ದೂರು ಸೇರಿಕೊಂಡಿದೆ! ಆ ಕಾಲದ ಪ್ರೇಕ್ಷಕರು ಬಾಯಿಯಿಂದ ಮಾತ್ರ ಭಾಗವಹಿಸಿದವರೂ ಅಲ್ಲ. ಬುಟ್ಟಿಗಳು ಬಾಲ್ಕನಿಯ ಕಂಬಿಗೆ ಕಟ್ಟಿದ್ದುವಾದ್ದರಿಂದ, ಅಲ್ಲಿ ಒರಗಿ ನಿಂತವರು ತಮ್ಮವರ ಚೆಂಡನ್ನು ಕೈಕೊಟ್ಟು ಒಳಗೆ ತಳ್ಳುವುದೂ ಪರರ ಚೆಂಡನ್ನು ಹೊರಗೆ ಬಡಿಯುವುದೂ ಪರಿಪಾಠವಾಯಿತು. ಇದನ್ನು ತಡೆಯಲೆಂದೇ ಬುಟ್ಟಿಯ ಹಿಂದೆ ತಂತಿಯ ಬಲೆಯನ್ನು ನಿಲ್ಲಿಸಿದರು. ಚೆಂಡು ಬಡಿದು ಬಡಿದು ತಂತಿ ತಗ್ಗಾಗಿ, ಆ ತಗ್ಗುಗಳ ಗುಟ್ಟು ಬಲ್ಲ ಊರಿನ ತಂಡಕ್ಕೆ ಅನುಕೂಲವಾಗುತ್ತದೆಂಬ ಹೊಸ ದೂರು ಹುಟ್ಟಲು, ತಂತಿ ಹೋಗಿ ಹಲಗೆ ಬಂದಿತು. ಇಂದು ಆಟಗಾರನು ಗುರಿಯಿಟ್ಟು ಚೆಂಡನ್ನು ತಾಗಿಸುವ ಆ ಬ್ಯಾಕ್‌ಬೋರ್ಡು, ಆಟದ ಅತ್ಯಂತ ಉಪಯುಕ್ತವಾದ ಉಪಕರಣಗಳಲ್ಲೊಂದು, ಮೂಲತಃ ಅಭಿಮಾನಿಯ ಕೈಗೆ ಅಡ್ಡವಾಗಿ ಎತ್ತಿದ ಗೋಡೆ.

ಹೊರಗೆ ಬಿದ್ದ ಚೆಂಡಿನ ಕಥೆಯೂ ಅಂತಹುದೇ. ಅದನ್ನು ಮೊದಲು ಮುಟ್ಟಿದವನಿಗೆ ಅದು ಸೇರತಕ್ಕದ್ದೆಂದು ನೈಸ್ಮಿತ್ತರ ಒಂಬತ್ತನೆಯ ನಿಯಮ ಹೇಳಿದ್ದರಿಂದ, ಆಟಗಾರರು ಕುರ್ಚಿಗಳನ್ನು ಉರುಳಿಸಿ ಪ್ರೇಕ್ಷಕರ ಮಡಿಲಿಗೇ ನುಗ್ಗತೊಡಗಿದರು. ಹಲವು ಊರುಗಳಲ್ಲಿ ಅಂಗಣದ ಸುತ್ತ ಬಲೆಯ ಪಂಜರವನ್ನೇ ಕಟ್ಟಬೇಕಾಯಿತು. ಹುಡುಗಿಯರ ಕಾಲೇಜುಗಳಲ್ಲಿ ಮಾತ್ರ ಆಟವು ಬೇರೊಂದು ದಾರಿ ಹಿಡಿಯಿತು. ಸ್ಮಿತ್ ಕಾಲೇಜಿನ ಸೆಂಡಾ ಬೆರೆನ್ಸನ್ ಎಂಬ ಅಧ್ಯಾಪಿಕೆಯು 1892ರಿಂದಲೇ ತಮ್ಮ ವಿದ್ಯಾರ್ಥಿನಿಯರಿಗೆ ಈ ಆಟವನ್ನು ಕಲಿಸುತ್ತ, ಅಂಗಣವನ್ನು ಮೂರು ಪಾಲು ಮಾಡಿ, ಯಾರೂ ತಮ್ಮ ಪಾಲನ್ನು ದಾಟಕೂಡದೆಂದೂ, ಒಬ್ಬಳ ಕೈಯಲ್ಲಿರುವ ಚೆಂಡನ್ನು ಇನ್ನೊಬ್ಬಳು ಕಿತ್ತುಕೊಳ್ಳಕೂಡದೆಂದೂ ವಿಧಿಸಿದರು. ಕಿತ್ತುಕೊಳ್ಳುವುದೇ ಇಲ್ಲವಾದ ಮೇಲೆ ನಮ್ಮ ಎರಡನೆಯ ದೂರಿಗೆ ಅರ್ಧ ಆಸ್ಪದವೇ ತಪ್ಪಿತು. 1896ರ ಏಪ್ರಿಲಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸ್ಟ್ಯಾನ್‌ಫರ್ಡಿನ ಹುಡುಗಿಯರು ಕ್ಯಾಲಿಫೋರ್ನಿಯದವರನ್ನು 2–1ರಿಂದ ಸೋಲಿಸಿದ ಪಂದ್ಯಕ್ಕೆ ಗಂಡಸರಿಗೆ ಪ್ರವೇಶವೇ ಇರಲಿಲ್ಲ.

ಗಂಡಸರ ಆಟದಲ್ಲಿ ರಕ್ಷಣೆಯು ಒಂದು ಶಾಸ್ತ್ರವಾಗಿ ಬೆಳೆಯಲು ಕೆಲವು ಕಾಲ ಹಿಡಿಯಿತು. 1897ರಲ್ಲಿ ಪಕ್ಷಕ್ಕೆ ಐವರು ಎಂದು ಗೊತ್ತಾದ ಮೇಲೆ, ಒಬ್ಬೊಬ್ಬನು ಒಬ್ಬೊಬ್ಬನನ್ನು ಬೆನ್ನಟ್ಟಿ ಕಾಯುವುದೇ ಸಹಜವಾದ ಕ್ರಮವೆಂದು ಎಲ್ಲರೂ ಭಾವಿಸಿದ್ದರು. 1914ರ ಸುಮಾರಿಗೆ ಪಶ್ಚಿಮ ವರ್ಜೀನಿಯದ ಬ್ರಿಸ್ಟಲ್ ಎಂಬ ಹಳ್ಳಿಯೂರಿನಲ್ಲಿ, ಸೋರುವ ಮಾಡಿನ ಕೆಳಗೆ ನೆಲ ಜಾರುತ್ತಿದ್ದುದರಿಂದ ಓಡಲಾಗದೆ, ಆಟಗಾರರು ತಮ್ಮತಮ್ಮ ಜಾಗಗಳಲ್ಲಿ ನಿಂತುಕೊಂಡೇ ಕಾದರೆಂದೂ, ಅದನ್ನು ನೋಡಿ ಕ್ಯಾಮ್ ಹೆಂಡರ್ಸನ್ ಎಂಬ ಕೋಚಿಗೆ ಆಳನ್ನು ಬಿಟ್ಟು ಜಾಗವನ್ನು ಕಾಯುವ ‘ಜೋನ್’ ರಕ್ಷಣೆ ಹೊಳೆಯಿತೆಂದೂ ಒಂದು ಐತಿಹ್ಯ. ಸೂರಿನ ತೂತಿನಿಂದ ಸಿದ್ಧಾಂತವೊಂದು ಇಳಿದು ಬಂದಿತೆಂಬುದು ಕೇಳಲು ಹಿತವಾಗಿದೆ. ಜೋನ್ ಹೇಡಿಗಳ ಯುದ್ಧತಂತ್ರವೆಂದು ಹಳಿಯುವವರಿಗೂ, ಬುದ್ಧಿವಂತರ ಮಿತವ್ಯಯವೆಂದು ಹೊಗಳುವವರಿಗೂ ಅಂದು ಆರಂಭವಾದ ಮಾತಿನ ಕಾಳಗ ಇನ್ನೂ ನಿಂತಿಲ್ಲ. ವೃತ್ತಿಪರರ ಎನ್.ಬಿ.ಎ. ಸಂಸ್ಥೆಯು 1947ರಿಂದ 2001ರವರೆಗೆ ಜೋನ್ ರಕ್ಷಣೆಯನ್ನೇ ನಿಷೇಧಿಸಿದ್ದಿತು. ಕಾಲೇಜುಗಳು ಎಂದೂ ಹಾಗೆ ಮಾಡಲಿಲ್ಲ. ಆದುದರಿಂದಲೇ ಸಿರಕ್ಯೂಸ್ ವಿಶ್ವವಿದ್ಯಾನಿಲಯದ ಜಿಮ್ ಬೋಹೈಮ್ 1976ರಿಂದ 2023ರವರೆಗೆ ಕೋಚಾಗಿದ್ದು, ಮುಂದೆ ಇಬ್ಬರು ಹಿಂದೆ ಮೂವರು ನಿಲ್ಲುವ ತಮ್ಮ ಜೋನಿನಿಂದ 2003ರಲ್ಲಿ ರಾಷ್ಟ್ರದ ಪ್ರಶಸ್ತಿಯನ್ನು ಗೆಲ್ಲುವುದಕ್ಕೂ, ಸೋತ ಪ್ರತಿ ರಾತ್ರಿಯೂ ಅದೇ ಜೋನಿಗಾಗಿ ತಮ್ಮ ಊರಿನವರಿಂದ ಬಯ್ಯಿಸಿಕೊಳ್ಳುವುದಕ್ಕೂ ಅವಕಾಶವಾಯಿತು.

ನೈಸ್ಮಿತ್ತರು 1898ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯಕ್ಕೆ ಬಂದು 1907ರವರೆಗೆ ಅಲ್ಲಿನ ತಂಡವನ್ನು ನೋಡಿಕೊಂಡರು. ಗೆದ್ದದ್ದು 55 ಪಂದ್ಯ, ಸೋತದ್ದು 60. ಕ್ಯಾನ್ಸಸ್ಸಿನ ಕೋಚುಗಳ ಸಾಲಿನಲ್ಲಿ ಗೆಲುವಿಗಿಂತ ಸೋಲು ಹೆಚ್ಚಾದವರು ಆಟವನ್ನು ಸೃಷ್ಟಿಸಿದವರೊಬ್ಬರೇ ಎಂಬುದು ವಿಧಿಯ ವಿನೋದ. ಈ ಆಟವನ್ನು ಆಡಬೇಕಲ್ಲದೆ ಕಲಿಸುವುದೇನಿದೆ ಎಂಬುದು ಅವರ ಭಾವನೆ. ಅವರ ಶಿಷ್ಯರಾದ ಫಾಗ್ ಆಲೆನ್ ಈ ಮಾತನ್ನು ಒಪ್ಪಲಿಲ್ಲ. ಒಪ್ಪದೆ ಅದೇ ಕ್ಯಾನ್ಸಸ್ಸಿನಲ್ಲಿ ದಶಕಗಳ ಕಾಲ ಕೋಚಾಗಿದ್ದು ಕಲಿಸುವುದನ್ನೇ ಒಂದು ವೃತ್ತಿಯಾಗಿ ನಿಲ್ಲಿಸಿದರು. 1927ರಲ್ಲಿ ನಿಯಮಗಳ ಸಮಿತಿಯವರು, ವಿಸ್ಕಾನ್ಸಿನ್ನಿನ ವಾಲ್ಟರ್ ಮೀನ್‌ವೆಲ್ಲರ ಪ್ರೇರಣೆಯಿಂದ, ಡ್ರಿಬಲ್ ಮಾಡುವವನು ಚೆಂಡನ್ನು ಒಂದೇ ಸಲ ಪುಟಿಸಬಹುದೆಂದು ಕಟ್ಟು ಮಾಡಲು ಹೊರಟಾಗ, ಆಲೆನ್ನರು ದೇಶದ ಕೋಚುಗಳನ್ನೆಲ್ಲ ಸೇರಿಸಿ ಸಂಘವೊಂದನ್ನು ಕಟ್ಟಿ ಆ ನಿರ್ಣಯವನ್ನು ಹಿಂತೆಗೆಯಿಸಿದರು. ಅಂದು ಅವರು ಸೋತಿದ್ದರೆ, ಒಂದು ಕೈಯಲ್ಲಿ ಚೆಂಡನ್ನು ಪುಟಿಸುತ್ತ ರಕ್ಷಕನನ್ನು ಅತ್ತ ಇತ್ತ ತೂಗಾಡಿಸಿ ನುಸುಳುವ ಚತುರನೂ ಇರುತ್ತಿರಲಿಲ್ಲ, ಅವನ ಕೈಯಿಂದ ಅದನ್ನು ಕದಿಯುವ ಇನ್ನೊಬ್ಬ ಚತುರನೂ ಇರುತ್ತಿರಲಿಲ್ಲ. ಆಲೆನ್ನರ ಕೈಕೆಳಗೆ ಆಡಿದ ಅಡಾಲ್ಫ್ ರಪ್ 1930ರಲ್ಲಿ ಕೆಂಟಕಿಗೂ, ಡೀನ್ ಸ್ಮಿತ್ 1961ರಲ್ಲಿ ಉತ್ತರ ಕ್ಯಾರೊಲೈನಕ್ಕೂ ಮುಖ್ಯ ಕೋಚಾದರು. ಈ ಗುರುಪರಂಪರೆಯ ಮೂರು ಪೀಠಗಳಲ್ಲಿ ಇಂದಿಗೂ ಅಭಿಮಾನಿಗಳ ಕೂಗು ಉಳಿದ ಕಡೆಗಿಂತ ಹೆಚ್ಚು.

ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ 1934ರ ಡಿಸೆಂಬರಿನ ಒಂದು ರಾತ್ರಿ ಎರಡು ಕಾಲೇಜು ಪಂದ್ಯಗಳನ್ನು ಒಟ್ಟಿಗೆ ಏರ್ಪಡಿಸಿದಾಗ 16,000ಕ್ಕೂ ಮೀರಿ ಜನ ಸೇರಿದರು. ದೂರದೂರದ ತಂಡಗಳು ಒಂದನ್ನೊಂದು ಎದುರಿಸತೊಡಗಿದಾಗ, ಒಂದು ಪ್ರಾಂತದಲ್ಲಿ ಫೌಲಾದದ್ದು ಇನ್ನೊಂದು ಪ್ರಾಂತದಲ್ಲಿ ಚಾತುರ್ಯವೆಂದು ಎಣಿಸಲ್ಪಡುತ್ತಿದ್ದುದು ಬಯಲಾಯಿತು. ಪರವೂರಿನ ರೆಫರಿಯೆಂದರೆ ಶತ್ರುವೆಂಬ ಭಾವನೆಗೆ ಆ ದಶಕದಲ್ಲಿ ಆಧಾರವಿಲ್ಲದಿರಲಿಲ್ಲ. ನಿಯಮಗಳೂ ಬೇಗಬೇಗನೆ ಬದಲಾದುವು. ಚೆಂಡನ್ನು ಹತ್ತು ಸೆಕೆಂಡುಗಳೊಳಗೆ ನಡುಗೆರೆಯನ್ನು ದಾಟಿಸಬೇಕೆಂಬುದು 1932ರಲ್ಲಿ ಬಂದಿತು. ಪ್ರತಿ ಗೋಲಿನ ಬಳಿಕ ನಡುವಿನಲ್ಲಿ ಚೆಂಡನ್ನು ಮೇಲಕ್ಕೆಸೆಯುವ ಪದ್ಧತಿ 1937ರಲ್ಲಿ ಹೋಯಿತು. ಓಕ್ಲಹೋಮದ ಬಾಬ್ ಕುರ್ಲಂಡನಂತಹ ದೀರ್ಘಕಾಯರು ಬುಟ್ಟಿಯ ಬಾಯಿಯಿಂದಲೇ ಚೆಂಡನ್ನು ಬಡಿದೆಸೆಯತೊಡಗಿದ್ದರಿಂದ, ಇಳಿಯುತ್ತಿರುವ ಚೆಂಡನ್ನು ಮುಟ್ಟಕೂಡದೆಂಬ ಗೋಲ್‌ಟೆಂಡಿಂಗ್ ನಿಷೇಧ 1944ರಲ್ಲಿ ಸೇರಿತು.

ಆದರೆ ಅಭಿಮಾನಿಯ ಮನಸ್ಸನ್ನು ಈ ಯಾವ ವಿಧಿಗಿಂತಲೂ ಆಳವಾಗಿ ಕೆಡಿಸಿದ್ದು 1951. ಹಿಂದಿನ ವರ್ಷವಷ್ಟೇ ದೇಶದ ಎರಡು ದೊಡ್ಡ ಪ್ರಶಸ್ತಿಗಳನ್ನೂ ಒಂದೇ ಋತುವಿನಲ್ಲಿ ಗೆದ್ದು ಬೀಗಿದ್ದ ನ್ಯೂಯಾರ್ಕಿನ ಸಿಟಿ ಕಾಲೇಜಿನ ಆಟಗಾರರೂ, ಲಾಂಗ್ ಐಲೆಂಡ್, ಬ್ರ್ಯಾಡ್ಲಿ, ಕೆಂಟಕಿ ಮೊದಲಾದ ತಂಡಗಳವರೂ ಜೂಜುಗಾರರಿಂದ ಹಣ ಪಡೆದು ಗೆಲುವಿನ ಅಂತರವನ್ನು ಬೇಕೆಂದೇ ಕುಗ್ಗಿಸಿದ್ದರೆಂದು ತನಿಖೆಯಲ್ಲಿ ಹೊರಬಿದ್ದಿತು. ಕೆಂಟಕಿಯು 1952–53ರ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಹಣ ಪಡೆದ ಆಟಗಾರರು ಯಾವಾಗಲೂ ಸೋಲಬೇಕೆಂದೇ ಆಡಿದ್ದಲ್ಲ. ಹತ್ತರಿಂದ ಗೆಲ್ಲಬೇಕಾದಲ್ಲಿ ನಾಲ್ಕರಿಂದ ಗೆದ್ದರೆ ಸಾಕಾಗಿದ್ದಿತು. ಅದಕ್ಕೆ ಬೇಕಾದದ್ದು ಒಂದೆರಡು ಹೆಜ್ಜೆ ತಡವಾದ ರಕ್ಷಣೆ, ಒಂದೆರಡು ಗುರಿತಪ್ಪಿದ ಪಾಸು. ಅಲ್ಲಿಯವರೆಗೆ ಮೈಗಳ್ಳತನವೆಂದೋ ಅಜಾಗರೂಕತೆಯೆಂದೋ ಬಯ್ಯುತ್ತಿದ್ದ ದೋಷಗಳ ಹಿಂದೆ ಮಾರಾಟವಿರಬಹುದೆಂಬ ಸಂಶಯ ಆ ವರ್ಷ ಹುಟ್ಟಿತು. ಪ್ರೀತಿಯಿಂದ ಮಾಡಿದ ಜಗಳಕ್ಕೂ ಸಂಶಯದಿಂದ ಮಾಡಿದ ಜಗಳಕ್ಕೂ ಇರುವ ವ್ಯತ್ಯಾಸವನ್ನು ಆ ತಲೆಮಾರಿನ ನ್ಯೂಯಾರ್ಕಿನವರು ಕಂಡಷ್ಟು ಬೇರೆ ಯಾರೂ ಕಂಡಿರಲಾರರು.

ಆಟದ ಮೇಲಿನ ಗೌರವವನ್ನು ಮರಳಿ ತಂದದ್ದು ಮುಖ್ಯವಾಗಿ ರಕ್ಷಣೆಯೇ ಎಂದು ನನಗೆ ತೋರುತ್ತದೆ. 1964ರಲ್ಲಿ ಲಾಸ್ ಏಂಜಲೀಸಿನ ಯು.ಸಿ.ಎಲ್.ಎ. ತಂಡದಲ್ಲಿ, ಆರಂಭದ ಐವರ ಪೈಕಿ, ಆರೂವರೆ ಅಡಿಯನ್ನು ಮೀರಿದವನು ಒಬ್ಬನೂ ಇರಲಿಲ್ಲ. ಜಾನ್ ವುಡನ್ನರು ಆ ಗಿಡ್ಡರನ್ನು ಬುಟ್ಟಿಯ ಕೆಳಗೆ ಕಾಯಲು ನಿಲ್ಲಿಸುವ ಬದಲು, ಎದುರಾಳಿ ಚೆಂಡನ್ನು ಒಳಕ್ಕೆ ಎಸೆಯುವ ಗಳಿಗೆಯಿಂದಲೇ ಅಂಗಣದ ಉದ್ದಕ್ಕೂ ಮುತ್ತಿಗೆ ಹಾಕುವ ‘ಪ್ರೆಸ್’ ತಂತ್ರವನ್ನು ಕಲಿಸಿದರು: ಮುಂದೆ ಇಬ್ಬರು, ನಡುವೆ ಇಬ್ಬರು, ಹಿಂದೆ ಕಾವಲಿಗೆ ಕೀತ್ ಎರಿಕ್‌ಸನ್ ಒಬ್ಬನೇ. ಹತ್ತು ಸೆಕೆಂಡಿನ ಹಳೆಯ ನಿಯಮವೇ ಈಗ ರಕ್ಷಕನ ಕೈಯ ಆಯುಧವಾಯಿತು. ಕ್ಯಾನ್ಸಸ್ ನಗರದಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ಎತ್ತರದ ಡ್ಯೂಕ್ ತಂಡದವರು ಸುಮಾರು ಎರಡೂವರೆ ನಿಮಿಷಗಳ ಅವಧಿಯಲ್ಲಿ ಚೆಂಡಿನ ಮೇಲೆ ಚೆಂಡು ಕಳೆದುಕೊಂಡು, ತಾವು ಒಂದೂ ಅಂಕ ಗಳಿಸದೆ ಎದುರಿಗೆ 16 ಅಂಕಗಳನ್ನು ಬಿಟ್ಟುಕೊಟ್ಟರು. ಪಂದ್ಯ 98–83ರಲ್ಲಿ ಮುಗಿಯಿತು, ಯು.ಸಿ.ಎಲ್.ಎ.ಯ ಋತು 30 ಗೆಲುವು, ಸೊನ್ನೆ ಸೋಲು. ಟರ್ನೋವರ್ ಎಂಬುದು ಬರಿಯ ದುರದೃಷ್ಟವಲ್ಲ, ಒಬ್ಬನು ಇನ್ನೊಬ್ಬನ ಮೇಲೆ ಹೇರಬಹುದಾದ ಶಿಕ್ಷೆಯೆಂದು ಕುಳಿತು ನೋಡುವವರಿಗೂ ಅರ್ಥವಾದದ್ದು ಆಗ. ಎರಡು ವರ್ಷಗಳ ತರುವಾಯ, 1966ರ ಮಾರ್ಚ್ 19ರಂದು, ಟೆಕ್ಸಸ್ ವೆಸ್ಟರ್ನ್ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜು ರಪ್ಪರ ಕೆಂಟಕಿಯನ್ನು ಅಂತಿಮದಲ್ಲಿ ಎದುರಿಸಿತು. ಕೆಂಟಕಿಯ ತಂಡದಲ್ಲಿ ಬಿಳಿಯರಲ್ಲದವನು ಒಬ್ಬನೂ ಇರಲಿಲ್ಲ. ಟೆಕ್ಸಸ್ ವೆಸ್ಟರ್ನಿನ ಡಾನ್ ಹ್ಯಾಸ್ಕಿನ್ಸರು ಆರಂಭಕ್ಕೆ ಇಳಿಸಿದ ಐವರೂ ಕರಿಯರು. ಹ್ಯಾಸ್ಕಿನ್ಸರು ಆಳಿಗೆ ಆಳು ನಿಲ್ಲುವ ರಕ್ಷಣೆಯ ಮಹಾಗುರುವಾದ ಹೆನ್ರಿ ಐಬಾ ಅವರ ಶಿಷ್ಯರು. ಮೊದಲರ್ಧದಲ್ಲಿ ಬಾಬಿ ಜೋ ಹಿಲ್ ಎಂಬ ಗಾರ್ಡ್, ಕೆಂಟಕಿಯ ಇಬ್ಬರು ಗಾರ್ಡುಗಳ ಕೈಯಿಂದ ಒಂದರ ಹಿಂದೆ ಒಂದು ಚೆಂಡನ್ನು ಕದ್ದು, ಎರಡನ್ನೂ ಒಯ್ದು ಬುಟ್ಟಿಗೆ ಹಾಕಿದನು. 72–65. ಕರಿಯರಿಗೆ ಓಡಲೂ ನೆಗೆಯಲೂ ಬರುತ್ತದೆ, ಶಿಸ್ತಿನ ರಕ್ಷಣೆ ಅವರಿಂದಾಗದು ಎಂದು ಕುಳಿತಲ್ಲಿಂದಲೇ ತೀರ್ಪು ಕೊಡುತ್ತಿದ್ದ ಅಭಿಮಾನಿವರ್ಗಕ್ಕೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಅಂಗಣದಲ್ಲಿ ಎಂದೂ ದೊರೆತಿಲ್ಲ.

ಚೆಂಡನ್ನು ಕಳೆದುಕೊಳ್ಳುವ ಭಯವೇ ವಿಪರೀತಕ್ಕೆ ಹೋದಾಗ ಏನಾಗುವುದೆಂಬುದನ್ನು ಉತ್ತರ ಕ್ಯಾರೊಲೈನದವರು ಲೋಕಕ್ಕೆ ತೋರಿಸಿದರು. ಡೀನ್ ಸ್ಮಿತ್ತರು ಲೆಕ್ಕಪ್ರಿಯರು. ತಂಡದ ಯೋಗ್ಯತೆಯನ್ನು ಪಂದ್ಯಕ್ಕೆಷ್ಟು ಅಂಕವೆಂದಲ್ಲ, ಚೆಂಡು ಕೈಗೆ ಬಂದ ಪ್ರತಿ ಸರದಿಗೆ ಎಷ್ಟು ಅಂಕವೆಂದು ಅಳೆಯಬೇಕೆಂದು ಅವರು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಈ ಲೆಕ್ಕದಲ್ಲಿ ಗುರಿತಪ್ಪಿದ ಎಸೆತಕ್ಕಿಂತ ಕಳೆದುಹೋದ ಚೆಂಡು ದೊಡ್ಡ ಪಾಪ, ಏಕೆಂದರೆ ಗುರಿತಪ್ಪಿದ ಚೆಂಡನ್ನು ಮರಳಿ ಹಿಡಿಯಬಹುದು. ಅದರ ಫಲವಾಗಿ, ಮುನ್ನಡೆ ಸಿಕ್ಕೊಡನೆ ಅಂಗಣದ ನಾಲ್ಕು ಮೂಲೆಗಳಿಗೆ ನಾಲ್ವರನ್ನು ಹರಡಿ, ಬುಟ್ಟಿಯ ಕಡೆಗೆ ನೋಡದೆ ಚೆಂಡನ್ನು ಕಾಪಾಡಿಕೊಳ್ಳುವ ಆಟವೊಂದನ್ನು ಅವರು ಸಿದ್ಧಿಸಿಕೊಂಡರು. 1979ರ ಫೆಬ್ರವರಿ 24ರಂದು ಡ್ಯೂಕಿನ ಅಂಗಣದಲ್ಲಿ ಮೊದಲರ್ಧ ಮುಗಿದಾಗ ಅಂಕಗಳು 7–0. ಕ್ಯಾರೊಲೈನದವರು ಎಸೆದದ್ದೇ ಎರಡು ಸಲ, ಎರಡೂ ಗುರಿ ಮುಟ್ಟಲಿಲ್ಲ. ಬುಟ್ಟಿಯನ್ನಾಗಲಿ ಹಲಗೆಯನ್ನಾಗಲಿ ತಾಗದೆ ಹೋದ ಎಸೆತಕ್ಕೆ ‘ಏರ್ ಬಾಲ್’ ಎಂದು ರಾಗವಾಗಿ ಹಾಡುವ ಇಂದಿನ ಸಾರ್ವತ್ರಿಕ ಅಪಹಾಸ್ಯ ಅಂದು ಡ್ಯೂಕಿನ ವಿದ್ಯಾರ್ಥಿಗಳ ಬಾಯಲ್ಲಿ ಹುಟ್ಟಿತೆಂದು ಹೇಳುತ್ತಾರೆ. 1982ರ ಮಾರ್ಚಿನಲ್ಲಿ ಅದೇ ಕ್ಯಾರೊಲೈನ ವರ್ಜೀನಿಯವನ್ನು 47–45ರಿಂದ ಸೋಲಿಸಿದ ಪ್ರಾಂತೀಯ ಅಂತಿಮದಲ್ಲಿ ಕೊನೆಯ ನಿಮಿಷಗಳೆಲ್ಲ ಹೀಗೆಯೇ ಸಂದುಹೋದಾಗ, ಟೆಲಿವಿಷನ್ನಿನ ಮುಂದೆ ಕುಳಿತ ಲಕ್ಷಾಂತರ ಜನರ ತಾಳ್ಮೆ ಹರಿಯಿತು. 1985–86ರ ಋತುವಿನಿಂದ, ಅಷ್ಟರೊಳಗೆ ಬುಟ್ಟಿಗೆ ಎಸೆಯಲೇಬೇಕೆಂಬ 45 ಸೆಕೆಂಡಿನ ಗಡಿಯಾರ ಬಂದಿತು. 1993ರಲ್ಲಿ ಅದು 35 ಆಯಿತು, 2015ರಲ್ಲಿ 30.

ನಮ್ಮ ಮೂರು ದೂರುಗಳೂ ಒಂದೇ ಕಡೆ ಕೂಡುವ ಪಂದ್ಯಗಳೆರಡನ್ನು ಇಲ್ಲಿ ನೆನೆಯಬೇಕು. ಎರಡೂ ನಡೆದದ್ದು ನ್ಯೂ ಆರ್ಲಿಯನ್ಸಿನ ಸೂಪರ್‌ಡೋಮಿನಲ್ಲಿ, ಎರಡರಲ್ಲಿಯೂ ಗೆದ್ದವರು ಸ್ಮಿತ್ತರ ಕ್ಯಾರೊಲೈನದವರು. 1982ರ ಮಾರ್ಚ್ 29ರ ಅಂತಿಮದಲ್ಲಿ ಜಾರ್ಜ್‌ಟೌನಿನ ಪ್ಯಾಟ್ರಿಕ್ ಯೂಯಿಂಗ್ ಎದುರಾಳಿಯ ಎಸೆತಗಳನ್ನು ಇಳಿಯುವಾಗಲೇ ಬಡಿದೆಸೆದು, ಕ್ಯಾರೊಲೈನದ ಮೊದಲ ಎಂಟು ಅಂಕಗಳನ್ನೂ ಗೋಲ್‌ಟೆಂಡಿಂಗಿನ ತೀರ್ಪಿನ ಮೂಲಕವೇ ದಾನ ಮಾಡಿದನು. ಬೇಕೆಂದೇ ಹಾಗೆ ಮಾಡಿದ್ದು, ಮುಂದೆ ಎಸೆಯುವವರ ಎದೆ ನಡುಗಲೆಂದು. ಕೊನೆಯಲ್ಲಿ, ಮೈಕೇಲ್ ಜೋರ್ಡನ್ ಎಂಬ ಮೊದಲ ವರ್ಷದ ವಿದ್ಯಾರ್ಥಿಯ ಎಸೆತದಿಂದ 63–62ರಲ್ಲಿ ಹಿಂದೆ ಬಿದ್ದ ಜಾರ್ಜ್‌ಟೌನಿನ ಫ್ರೆಡ್ ಬ್ರೌನ್, ಪಕ್ಕದಲ್ಲಿ ಕಂಡ ಆಕೃತಿಯನ್ನು ತನ್ನವನೆಂದೇ ತಿಳಿದು, ಚೆಂಡನ್ನು ಎದುರಾಳಿ ಜೇಮ್ಸ್ ವರ್ದಿಯ ಕೈಗೆ ಎಸೆದುಬಿಟ್ಟನು. ಅವನ ಕೋಚಾದ ಜಾನ್ ಥಾಂಪ್ಸನ್ ಗದರಲಿಲ್ಲ, ಹತ್ತಿರ ಕರೆದು ಅಪ್ಪಿಕೊಂಡರು. ಎರಡು ವರ್ಷಗಳ ಬಳಿಕ ಪ್ರಶಸ್ತಿ ಗೆದ್ದ ತಂಡದಲ್ಲಿ ಬ್ರೌನನೂ ಇದ್ದನು. 1993ರ ಏಪ್ರಿಲ್ 5ರ ಅಂತಿಮದಲ್ಲಿ ಮಿಷಿಗನ್ನಿನ ಕ್ರಿಸ್ ವೆಬ್ಬರ್ ಹೆಜ್ಜೆ ಎಳೆದು ಟ್ರಾವೆಲ್ ಮಾಡಿದ್ದನ್ನು ರೆಫರಿಗಳು ಕಾಣಲಿಲ್ಲ. ಕಾಣದೆ ಬಿಟ್ಟ ಆ ಕೃಪೆಯಿಂದ ಮುಂದೆ ಓಡಿದ ವೆಬ್ಬರ್, ಮೂಲೆಯಲ್ಲಿ ಇಬ್ಬರ ನಡುವೆ ಸಿಕ್ಕಿಬಿದ್ದು, ತನ್ನ ತಂಡಕ್ಕೆ ಉಳಿದೇ ಇರದ ಟೈಮ್‌ಔಟನ್ನು ಕೇಳಿ, ಟೆಕ್ನಿಕಲ್ ಫೌಲಿಗೆ ಗುರಿಯಾಗಿ, ಎರಡು ಅಂಕಗಳಷ್ಟೇ ಹಿಂದಿದ್ದ ಪಂದ್ಯವನ್ನು 77–71ರಲ್ಲಿ ಕಳೆದುಕೊಂಡನು. ಟ್ರಾವೆಲಿಗೆ ಸೀಟಿ ಊದಲಿಲ್ಲವೆಂದು ಕ್ಯಾರೊಲೈನದವರು ಕೂಗಿದರು, ಟೈಮ್‌ಔಟಿಗೆ ಊದಿದರೆಂದು ಮಿಷಿಗನ್ನಿನವರು. ನಡುವಿನ ಅಂತರ ಕೆಲವು ಸೆಕೆಂಡುಗಳದ್ದು. ತೀರ್ಪುಗಾರರ ಕುರುಡು ನಿಜ, ಆದರೆ ಅದರಿಂದ ಲಾಭ ಪಡೆದವನೇ ನಷ್ಟಕ್ಕೂ ಗುರಿಯಾದನೆಂಬುದನ್ನು ದೂರು ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಕ್ಯಾರೊಲೈನದ ರಾಲೇ ಡರಮ್ ಪ್ರದೇಶದಲ್ಲಿ ಈಗ ನೆಲೆಸಿರುವ ಕನ್ನಡದ ಮನೆಗಳಲ್ಲಿಯೂ, ಮಗ ಡ್ಯೂಕಿನವನಾಗಿ ಮಗಳು ಕ್ಯಾರೊಲೈನದವಳಾದರೆ, ಫೆಬ್ರವರಿಯ ಊಟದ ವೇಳೆಗೆ ಈ ವ್ಯಾಜ್ಯಗಳು ಏಳದೆ ಇರವು.

ಇನ್ನು ಆ ತೀರ್ಪುಗಾರರ ಪಾಡು. ಅವರಲ್ಲಿ ಅನೇಕರು ಬೇರೆ ಉದ್ಯೋಗದಿಂದ ಬದುಕುವವರು. ಕಾಲೇಜು ರೆಫರಿಗಳಿಗೆಲ್ಲ ಎರಡು ದಶಕಗಳ ಕಾಲ ಮೇಲ್ವಿಚಾರಕರಾಗಿದ್ದ ಹ್ಯಾಂಕ್ ನಿಕಲ್ಸ್ ಪ್ರಾಧ್ಯಾಪಕರಾಗಿದ್ದವರು. ದೊಡ್ಡವರೇ ಅವರಿಗೆ ತೋರಿದ ಮರ್ಯಾದೆ ಸಾಮಾನ್ಯರಿಗೆ ಮಾದರಿಯಾಗುವಂತಹುದಲ್ಲ: 1985ರ ಫೆಬ್ರವರಿ 23ರಂದು ಇಂಡಿಯಾನದ ಬಾಬ್ ನೈಟ್, ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ, ತೀರ್ಪಿಗೆ ಮುನಿದು ಕುರ್ಚಿಯನ್ನೇ ಅಂಗಣದ ಅಡ್ಡಕ್ಕೆ ಎಸೆದರು. 2017ರಲ್ಲಿ ಕೆಂಟಕಿ ಸೋತ ಒಂದು ಪಂದ್ಯದ ತರುವಾಯ, ರೆಫರಿಗಳಲ್ಲೊಬ್ಬರು ನೆಬ್ರಾಸ್ಕದಲ್ಲಿ ಮನೆಗಳಿಗೆ ಮಾಡು ಹಾಕಿಸುವ ವ್ಯವಹಾರ ನಡೆಸುತ್ತಿದ್ದುದನ್ನು ಪತ್ತೆಹಚ್ಚಿದ ಅಭಿಮಾನಿಗಳು, ಅಲ್ಲಿಗೆ ಬೈಗುಳದ ಮತ್ತು ಬೆದರಿಕೆಯ ದೂರವಾಣಿ ಕರೆಗಳ ಮಳೆಗರೆದು ಅವರ ಜೀವನೋಪಾಯಕ್ಕೇ ಕೈಯಿಟ್ಟರು. ಇದು ವಾದವಲ್ಲ, ಪುಂಡಾಟಿಕೆ. ಆಟದ ಜಗಳದ ಹಳೆಯ ಸಂಪ್ರದಾಯಕ್ಕೆ ಇದನ್ನು ಸೇರಿಸಿ ಗೌರವಿಸಲು ನಾನು ಒಪ್ಪೆನು. ಹಾಗೆಂದು ಅಭಿಮಾನಿಯ ಸಂಶಯವೆಲ್ಲ ಭ್ರಮೆಯೆಂದೂ ಅಲ್ಲ. 2004–05ರ ಋತುವಿನ 365 ಪಂದ್ಯಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದು, ಆ ತನಕ ಕಡಿಮೆ ಫೌಲುಗಳಿರುವ ತಂಡದ ಮೇಲೆಯೇ ಮುಂದಿನ ಫೌಲು ಬೀಳುವ ಸಂಭವ ಹೆಚ್ಚೆಂದು ಕಂಡುಕೊಂಡಿತು. ಅಂತರ ಹೆಚ್ಚಿದಷ್ಟೂ ಸಂಭವವೂ ಹೆಚ್ಚು. ತಕ್ಕಡಿಯನ್ನು ಸಮಮಾಡಬೇಕೆಂಬ ಆಸೆ ತೀರ್ಪುಗಾರನ ಕೈಯನ್ನು ಅವನಿಗೇ ತಿಳಿಯದಂತೆ ನಡೆಸುತ್ತದೆ. ಒರಟಾಗಿ ಆಡುವ ತಂಡಕ್ಕೆ ಇದರಿಂದ ಆಗುವ ಲಾಭವನ್ನು ಜಾಣ ಕೋಚುಗಳು ಗಣಿತವಿಲ್ಲದೆಯೇ ಬಲ್ಲರು.

2012–13ರ ಋತುವಿನಲ್ಲಿ ತಂಡವೊಂದು ಪಂದ್ಯಕ್ಕೆ ಗಳಿಸಿದ ಸರಾಸರಿ ಅಂಕ 67.5ಕ್ಕೆ ಇಳಿಯಿತು, 1951–52ರಿಂದೀಚೆಗೆ ಅಷ್ಟು ಕಡಿಮೆಯಾದುದಿಲ್ಲ. ರಕ್ಷಕರು ಕೈಹಾಕಿ ತಡೆಯುತ್ತಾರೆ, ರೆಫರಿಗಳು ನೋಡಿಯೂ ನೋಡದಂತಿರುತ್ತಾರೆ, ಆಟ ಕುಸ್ತಿಯಾಗಿದೆ ಎಂದು ಎಲ್ಲ ಊರಿನವರೂ ಒಂದೇ ಸ್ವರದಲ್ಲಿ ಕೂಗಿದರು. ಮರುವರ್ಷ ಸಮಿತಿಯು, ಚೆಂಡು ಹಿಡಿದವನ ಮೇಲೆ ಕೈಯಿಡುವುದನ್ನೂ ಮುಂಗೈಯಿಂದ ಅಡ್ಡಗಟ್ಟುವುದನ್ನೂ ಫೌಲೆಂದೇ ಊದಬೇಕೆಂದು ಕಟ್ಟಪ್ಪಣೆ ಮಾಡಿತು. ಬೇಡಿದ್ದು ದೊರೆಯಿತು. ಆ ನವೆಂಬರಿನ ಮೊದಲ ವಾರಗಳಲ್ಲಿ ಫೌಲುಗಳ ಸಂಖ್ಯೆ ಏರಿ, ಪಂದ್ಯಗಳು ಫ್ರೀ ಥ್ರೋಗಳ ಮೆರವಣಿಗೆಯಾದಾಗ, ಅದೇ ಜನ ಅದೇ ಸ್ವರದಲ್ಲಿ, ರೆಫರಿಗಳು ಆಡಲು ಬಿಡುತ್ತಿಲ್ಲವೆಂದು ಕೂಗಿದರು. ನುಗ್ಗಿಬರುವವನಿಗೆ ಎದೆಯೊಡ್ಡಿ ನಿಂತ ರಕ್ಷಕನದು ತಪ್ಪೋ, ಅವನ ಮೇಲೆ ಬಿದ್ದವನದು ತಪ್ಪೋ ಎಂಬ ಚಾರ್ಜಿನ ಪ್ರಶ್ನೆಗೆ ಬುಟ್ಟಿಯ ಕೆಳಗೆ 2011ರಲ್ಲಿ ಮೂರು ಅಡಿಯ ಕಮಾನು ಗೆರೆ ಎಳೆದರು, 2015ರಲ್ಲಿ ಅದನ್ನು ನಾಲ್ಕು ಅಡಿ ಮಾಡಿದರು, 2023ರಲ್ಲಿ ಎಗರುವವನು ಕೊನೆಯ ಹೆಜ್ಜೆಯೂರುವ ಮೊದಲೇ ರಕ್ಷಕನು ಸ್ಥಾನದಲ್ಲಿರಬೇಕೆಂದು ತಿದ್ದಿದರು. ಆ ತೀರ್ಪಿನ ಮೇಲಿನ ಕೂಗು ಒಂದು ಪಟ್ಟೂ ಇಳಿದಿಲ್ಲ.